ಕೋಟು ಕುರ್ಚಿಗೆ, ಸಾಹೇಬರು ಚಾಪೆಗೆ

‘ನನಗ ಗೊತ್ತಿಲ್ರಿ’ ಎಂಬ ಮಾತನ್ನು ಸರಕಾರಿ ಅಧಿಕಾರಿಯೊಬ್ಬರ ಬಾಯಿಂದ, ಅದೂ ಇಷ್ಟು ತುಂಬುಗಂಠದಿಂದ, ಮದುವೆಮನೆಯ ಯಜಮಾನ ಎರಡನೆಯ ಪಂಕ್ತಿಯನ್ನು ಊಟಕ್ಕೆ ಕರೆಯುವಷ್ಟು ಉಲ್ಲಾಸದಿಂದ ಕೇಳಬೇಕೆಂಬ ಆಸೆ ಯಾರಿಗಾದರೂ ಇದ್ದರೆ, ಅವರು ಅಕ್ಕಲಕೋಟದ ಶಿಕ್ಷಣ ವಿಸ್ತಾರಾಧಿಕಾರಿ ಮಲಕಾಜಪ್ಪ ಮಡಿಖಾಂಬೆಯವರ ದರ್ಶನ ಮಾಡಬೇಕು. ಉಳಿದ ಅಧಿಕಾರಿಗಳಿಗೂ ಎಷ್ಟೋ ಸಂಗತಿಗಳು ಗೊತ್ತಿರುವುದಿಲ್ಲ; ಆದರೆ ಅವರು ಆ ಅಜ್ಞಾನವನ್ನು ‘ನೋಡೋಣ’, ‘ವಿಚಾರ ನಡದದ’, ‘ಮ್ಯಾಲಿಂದ ಬರಬೇಕು’ ಎಂಬ ದುಪ್ಪಟಿಗಳಲ್ಲಿ ಸುತ್ತಿ ಸುತ್ತಿ, ಒಳಗಿರುವುದು ಏನೆಂದು ತಮಗೂ ಕಾಣದಂತೆ ಮಾಡಿಕೊಂಡಿರುತ್ತಾರೆ. ಮಲಕಾಜಪ್ಪನವರು ಮಾತ್ರ ಎರಡೂ ಅಂಗೈಗಳನ್ನು ಮೇಲಕ್ಕೆ ತಿರುಗಿಸಿ, ಹುಬ್ಬೇರಿಸಿ, ಗೊತ್ತಿಲ್ಲವೆಂದೇ ಹೇಳುತ್ತಾರೆ. ಒಂದು ಉಸಿರಿನ ಬಳಿಕ ‘ಕೇಳ್ಕೊಂಡು ಸೋಮವಾರ ಬರ್ತೀನಿ’ ಎಂದು ಸೇರಿಸುತ್ತಾರೆ. ವಿಚಿತ್ರವೆಂದರೆ, ಸೋಮವಾರ ಬಂದೂ ಬರುತ್ತಾರೆ.

ನಾನು ಸೋಲಾಪುರದ ನವಿ ಪೇಠದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ಕನ್ನಡದಲ್ಲಿ ಓದಿ, ಮರಾಠಿಯಲ್ಲಿ ವ್ಯಾಪಾರ ಮಾಡಿ, ಎರಡರಲ್ಲೂ ಸಮನಾಗಿ ಜಗಳವಾಡಬಲ್ಲ ಮನುಷ್ಯ. ಶಾಲೆಯ ಮಕ್ಕಳ ಗಣವೇಷ ಹೊಲಿಸಿ ಕೊಡುವುದು ನಮ್ಮ ತಂದೆಯ ಕಾಲದಿಂದ ಬಂದ ಕಸಬು. ಹೀಗಾಗಿ ಗುರುಜಿಗಳು, ನಮ್ಮ ಕಡೆ ಬಾಯಾರು ಎನಿಸುವ ಶಿಕ್ಷಕಿಯರು, ಸಾಹೇಬರು ಎಲ್ಲರೂ ಜೂನ್ ತಿಂಗಳಲ್ಲಿ ನನ್ನ ಗಾದಿಯ ಮುಂದೆ ಹಾದು ಹೋಗುವವರೇ. ಮನುಷ್ಯರ ಮುಖವನ್ನು ನಾನು ಮರೆತೇನು, ಅವರ ಅಂಗಿಯ ಕಾಲರನ್ನು ಮರೆಯಲಾರೆ. ಮಲಕಾಜಪ್ಪನವರ ಕೋಟನ್ನಂತೂ ಅದನ್ನು ಕಂಡ ಯಾರೂ ಮರೆಯಲಾರರು.

ಅದು ಉಣ್ಣೆಯ ಕೋಟು. ಕಂದು ಬಣ್ಣ, ಅಗಲವಾದ ಎದೆಪಟ್ಟಿ, ಮೊಣಕೈಯಲ್ಲಿ ತೇಪೆ. ಸೋಲಾಪುರದ ವೈಶಾಖದಲ್ಲಿ ಡಾಂಬರು ರಸ್ತೆ ಮೆತ್ತಗಾಗಿ ಚಪ್ಪಲಿಯನ್ನು ಹಿಡಿದೆಳೆಯುವ ದಿನಗಳಲ್ಲೂ ಈ ಪುಣ್ಯಾತ್ಮ ಅದನ್ನು ಗುಂಡಿ ಹಾಕಿಕೊಂಡು ತೊಟ್ಟಿರುತ್ತಾನೆ. ಅದರ ಬಟ್ಟೆ ನಮ್ಮ ಅಂಗಡಿಯದೇ. ಮಲಕಾಜಪ್ಪನವರ ತಾಯಿ ಮಲಕಮ್ಮ ಬೀಡಿ ಕಟ್ಟಿ ಮಗನನ್ನು ಓದಿಸಿದಾಕೆ. ಮಗನಿಗೆ ನೌಕರಿಯ ಹುಕುಮು ಬಂದ ದಿನ ನೆಟ್ಟಗೆ ನಮ್ಮ ಅಂಗಡಿಗೆ ಬಂದು, ಇದ್ದುದರಲ್ಲಿ ದಪ್ಪನೆಯ ಬಟ್ಟೆ ತೋರಿಸಿ ಎಂದಳಂತೆ. ನಮ್ಮ ಊರಿನ ಬಿಸಿಲಿಗೆ ಇದು ಆಗದವ್ವಾ ಎಂದು ನಮ್ಮ ತಂದೆ ತಿಳಿಹೇಳಿದರೆ, ‘ಥಂಡಿ ಸಲುವಾಗಿ ಅಲ್ರಿ ಶೇಠಜಿ, ನನ್ನ ಮಗಾ ಇನ್ನ ಕುರ್ಚಿ ಮ್ಯಾಲ ಕುಂಡ್ರತಾನ, ಕುರ್ಚಿಗಿ ಕೋಟ ಬೇಕು’ ಎಂದಳು. ತಂದೆ ಈ ಮಾತನ್ನು ಎಷ್ಟು ಸಲ ಹೇಳಿ ನಕ್ಕಿದ್ದಾರೋ; ಪ್ರತಿ ಸಲವೂ ನಗುವಿನ ಕೊನೆಯಲ್ಲಿ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಗ ತಾಯಿಯ ಮಾತನ್ನು ಅಕ್ಷರಶಃ ನಡೆಸಿದ. ಯಾವ ಶಾಲೆಗೆ ಹೋದರೂ ಗುರುಜಿಗಳು ಸಾಹೇಬರಿಗೆಂದು ಹಾಕಿಟ್ಟ ಕುರ್ಚಿಯ ಬೆನ್ನಿಗೆ ಕೋಟನ್ನು ತೊಡಿಸಿ, ಭುಜಗಳನ್ನು ನೀವಿ ಸರಿಮಾಡಿ, ತಾವು ಬಿಳಿ ಅಂಗಿಯಲ್ಲಿ ಚಾಪೆಯ ಮೇಲೆ ಪಾಲಕರ ನಡುವೆ, ಇಲ್ಲವೆ ಹುಡುಗರ ಕೊನೆಯ ಸಾಲಿನಲ್ಲಿ ಚಕ್ಕಂಬಕ್ಕಲು ಹಾಕಿ ಕುಳಿತುಬಿಡುತ್ತಾರೆ. ‘ಅಲ್ಲಿ ಯಾಕ್ರಿ ಸಾಹೇಬ್ರ’ ಎಂದು ಹೊಸ ಗುರುಜಿ ಗಾಬರಿಯಾದರೆ, ‘ಹಿಂದಿನ ಸಾಲ ನನಗ ಸಣ್ಣಾಂವ ಇದ್ದಾಗಿಂದ ರೂಢಿ ಅದ’ ಎನ್ನುತ್ತಾರೆ. ಹಾಗೆನ್ನುವಾಗ ಅವರ ಮುಖದಲ್ಲಿ ಕಹಿ ಇರುವುದಿಲ್ಲ, ಆದರೆ ಅವರ ಓಣಿಯ ಮಕ್ಕಳನ್ನು ಆ ಕಾಲದಲ್ಲಿ ಎಲ್ಲಿ ಕೂಡಿಸುತ್ತಿದ್ದರೆಂದು ಬಲ್ಲ ಹಿರಿಯ ಗುರುಜಿಗಳು ಯಾರೂ ಆಮೇಲೆ ಒತ್ತಾಯ ಮಾಡುವುದಿಲ್ಲ. ಮುಂದೆ ಪಾಲಕರ ಕಡೆಗೆ ತಿರುಗಿ, ಸಾಹೇಬರಿಗೆ ಬೈಯುವುದಿದ್ದವರು ಕುರ್ಚಿಯ ಕಡೆ ಮುಖ ಮಾಡಿ ಬೈಯಬೇಕು, ಮಾತಾಡುವುದಿದ್ದವರು ತಮ್ಮ ಜೊತೆ ಮಾತಾಡಬೇಕು ಎಂದು ವ್ಯವಸ್ಥೆ ಹೇಳುತ್ತಾರೆ.

ಇನ್ನು ಅವರ ನಡಿಗೆ. ಅಧಿಕಾರಿ ಎಂದ ಮೇಲೆ ಜೀಪು ಶಾಲೆಯ ಗೇಟಿಗೇ ನಿಲ್ಲಬೇಕು, ಧೂಳು ಏಳಬೇಕು, ಒಳಗೆ ಗುರುಜಿಯ ಎದೆ ಧಸಕ್ಕೆನ್ನಬೇಕು. ಇವರು ಊರ ಅಗಸಿಯಲ್ಲೇ ಇಳಿದು, ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು, ಪಾದಗಳನ್ನು ಕೊಂಚ ಹೊರಗೆ ಚೆಲ್ಲಿ, ಹೊಟ್ಟೆಯನ್ನು ಮುಂದೆ ಕಳಿಸಿ ತಾವು ಹಿಂದಿನಿಂದ ಹೋಗುವವರಂತೆ ನಿಧಾನವಾಗಿ ನಡೆಯುತ್ತಾರೆ. ಕಟ್ಟೆ ಕಂಡಲ್ಲಿ ಕೂಡುತ್ತಾರೆ, ನೀರು ಕೊಟ್ಟಲ್ಲಿ ಕುಡಿಯುತ್ತಾರೆ. ಅವರು ಶಾಲೆ ಮುಟ್ಟುವ ಹೊತ್ತಿಗೆ ತಪಾಸಣೆಯ ಸುದ್ದಿ ಶಾಲೆಯನ್ನು ಮುಟ್ಟಿ, ಕಸ ಗುಡಿಸಿ, ಹಲಗೆ ಒರೆಸಿ, ಮಕ್ಕಳ ಮೂಗನ್ನೂ ಒರೆಸಿ ಆಗಿರುತ್ತದೆ. ಹೀಗೆ ಹೇಳಿ ಹೋದರೆ ತಪ್ಪು ಸಿಗುವುದು ಹೇಗೆ ಎಂದು ನಾನೊಮ್ಮೆ ಕೇಳಿದೆ. ‘ತಪ್ಪ ಎಲ್ಲಿ ಓಡಿ ಹೋಗ್ತದ ಯೋಗಿರಾಜಣ್ಣ? ಊರಿಗಿ ಬಂದಾಕಿ ನೀರಿಗಿ ಬರಲಾರದ ಇರತಾಳೇನು’ ಎಂದು ನನ್ನ ಅಂಗಡಿಯ ಚಹಾ ಕುಡಿದು ಎದ್ದರು.

ಅವರದೊಂದು ವಿಶೇಷ ಪದ್ಧತಿಯಿದೆ. ಊರಲ್ಲಿ ಶಾಲೆಯ ಬಗ್ಗೆ ಏನೇ ಸುದ್ದಿ ಹಬ್ಬಿರಲಿ, ಅದು ನಿಜವೋ ಸುಳ್ಳೋ ಎಂದು ಅವರು ವಾದಿಸುವುದಿಲ್ಲ. ‘ನಿಮಗ ಯಾರು ಹೇಳಿದ್ರು?’ ಎಂದು ಕೇಳುತ್ತಾರೆ. ಹೆಸರು ಬಂದ ಕೂಡಲೆ ಎದ್ದು, ಹೇಳಿದವರನ್ನೂ ಕರೆದುಕೊಂಡು ಆ ಮನೆಗೆ ಹೋಗುತ್ತಾರೆ. ಅಲ್ಲಿಯೂ ಅದೇ ಪ್ರಶ್ನೆ. ಅಲ್ಲಿಂದ ಮುಂದಿನ ಮನೆ. ಒಂದು ಹಳ್ಳಿಯಲ್ಲಿ ಶಾಲೆಯ ಊಟ ಬಂದ್ ಆಗುತ್ತದೆಂದು ತಾಯಂದಿರು ಕಂಗಾಲಾಗಿದ್ದರು. ಸಾಹೇಬರು ಸುದ್ದಿಯನ್ನು ಹಿಮ್ಮೆಟ್ಟಿಸಿಕೊಂಡು ಹೋದರೆ ಅದು ಅಡಿಗೆಯ ಹೆಂಗಸಿನ ಮನೆಯಲ್ಲಿ ಹೋಗಿ ನಿಂತಿತು. ಆಕೆ ಹೇಳಿದ್ದು ಇಷ್ಟೇ: ನಾಳೆ ನನಗೆ ನೆಂಟರ ಮನೆಗೆ ಹೋಗುವುದಿದೆ, ಅಡಿಗೆ ಮಾಡುವುದಿಲ್ಲ. ಅಂದು ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕು ಮನೆಗೆ ಹೋಯಿತು.

ಆದರೆ ಕಳೆದ ಒಂದೆರಡು ವರ್ಷಗಳ ಸುದ್ದಿ ಹಾಗೆ ನಕ್ಕು ಬಿಡುವಂಥದಲ್ಲ. ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ದೊಡ್ಡ ಶಾಲೆಗಳೊಳಗೆ ಕೂಡಿಸುತ್ತಾರಂತೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರತೊಡಗಿತು. ಕಡಿಮೆ ಎಂದರೆ ಎಷ್ಟು ಎಂದರೆ ಒಬ್ಬ ಹತ್ತು ಎನ್ನುತ್ತಾನೆ, ಇನ್ನೊಬ್ಬ ಇಪ್ಪತ್ತು ಎನ್ನುತ್ತಾನೆ. ಮುಂಜಾನೆ ಹೌದೆಂದ ಸುದ್ದಿ ಸಂಜೆಗೆ ಅಲ್ಲವೆನ್ನುತ್ತದೆ. ನಮ್ಮ ಸೀಮೆಯ ಕನ್ನಡ ಶಾಲೆಗಳಿಗೆ ಇದು ಇನ್ನೂ ಬಿಸಿ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಕನಸಿನಲ್ಲಿ ಇಂಗ್ಲಿಷ್ ಇರುವ ನಮ್ಮ ಜನ ಮೊದಲೇ ಒಂದು ಕಾಲು ಹೊಸ್ತಿಲ ಹೊರಗಿಟ್ಟವರು. ಸೋಲಾಪುರದ ಒಂದು ಸಭೆಯಲ್ಲಿ ಮಲಕಾಜಪ್ಪನವರ ಮೇಲಧಿಕಾರಿಯೊಬ್ಬರು, ನೀವು ಊರೂರಿಗೆ ಹೋಗಿ ಗೊತ್ತಿಲ್ಲ ಗೊತ್ತಿಲ್ಲ ಎಂದರೆ ಕಚೇರಿಯ ಮರ್ಯಾದೆ ಏನಾಗಬೇಕು ಎಂದು ಗದರಿದರಂತೆ. ‘ಸಾಹೇಬ್ರ, ಗೊತ್ತಿಲ್ಲದ್ದಕ್ಕ ಗೊತ್ತದ ಅಂದ್ರ, ನಾಳಿ ಖರೇನ ಗೊತ್ತಾದಾಗ ನಮ್ಮ ಮಾತ ಯಾರ ಕೇಳ್ತಾರ್ರಿ?’ ಎಂದರಂತೆ ಇವರು. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಇದೇ ಆಷಾಢದ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಅಣ್ಣಾರಾಯ ಏದುಸಿರು ಬಿಡುತ್ತ ಬಂದ. ಕುರನೂರ ಅಣೆಕಟ್ಟಿನ ಹಿನ್ನೀರಿನ ಆಚೆ ಹಳ್ಳದ ವಸ್ತಿ ಎಂಬ ಒಂದು ಸಣ್ಣ ಊರಿದೆ. ಅಲ್ಲಿಯ ಕನ್ನಡ ಶಾಲೆಯ ಪಾಲಕರ ಸಮಿತಿಗೆ ಇವನು ಅಧ್ಯಕ್ಷ. ಟೆಂಪೊ ಓಡಿಸುತ್ತಾನೆ, ದನಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ವಿಚಾರ ಮಾತ್ರ ಆಮೇಲೆ ಬರುವಂಥ ಜಾತಿ. ನಾಳೆಯೊಳಗೆ ಒಂದು ಗಂಟು ಗಣವೇಷ ಬೇಕು ಎಂದ. ಜೂನಿನಲ್ಲಿ ಕೊಟ್ಟಿದ್ದೆನಲ್ಲ ಎಂದರೆ, ‘ಮಕ್ಕಳು ಹೆಚ್ಚಾಗ್ಯಾರ್ರಿ ಶೇಠಜಿ’ ಎಂದು ಮೀಸೆಯಲ್ಲೇ ನಕ್ಕ. ಕನ್ನಡ ಶಾಲೆಯಲ್ಲಿ ಮಕ್ಕಳು ಹೆಚ್ಚಾದರು ಎಂಬ ಮಾತು ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತೋ. ಸಿದ್ಧ ಇದ್ದ ಅಂಗಿ ಚಡ್ಡಿ ಫ್ರಾಕುಗಳನ್ನೆಲ್ಲ ಕಟ್ಟಿಸಿ, ಈ ಅದ್ಭುತವನ್ನು ಕಣ್ಣಾರೆ ನೋಡಬೇಕೆಂದು ಮರುದಿನ ನಾನೇ ಅವನ ಟೆಂಪೊದಲ್ಲಿ ಏರಿ ಕುಳಿತೆ.

ದಾರಿಯಲ್ಲಿ ಅಣ್ಣಾರಾಯ ಬಾಯಿ ಬಿಟ್ಟ. ಅಂದು ಮಲಕಾಜಪ್ಪ ಸಾಹೇಬರ ತಪಾಸಣೆ. ಊರಿನ ಅರ್ಧಕ್ಕರ್ಧ ಮಕ್ಕಳು ಈ ಜೂನಿನಲ್ಲಿ ಶಾಲೆ ಬಿಟ್ಟು, ಅಕ್ಕಲಕೋಟದ ಒಂದು ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿದ್ದಾರೆ. ಉಳಿದವರನ್ನು ಸಾಹೇಬರು ನೋಡಿದರೆ ಶಾಲೆ ಮುಚ್ಚಿಸುವಂತೆ ಬರೆದುಬಿಟ್ಟಾರು, ಶಾಲೆಯ ಪೂನಮ ಬಾಯಾರನ್ನು ಎಲ್ಲಿಗೋ ಒಗೆದಾರು. ಅದಕ್ಕೆ ಊರವರೆಲ್ಲ ಸೇರಿ ಒಂದು ಉಪಾಯ ಮಾಡಿದ್ದರು: ವ್ಯಾನಿನ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಉಸನಿ, ಎಂದರೆ ಕೈಗಡ, ತಂದು, ಹಳೆಯ ಶಾಲೆಯಲ್ಲಿ ಕೂಡಿಸುವುದು. ಸಕ್ಕರೆ, ಚಹಾಪುಡಿಗಳನ್ನು ನೆರೆಮನೆಯಿಂದ ಉಸನಿ ತರುವ ನಮ್ಮ ಜನಕ್ಕೆ ಮಕ್ಕಳನ್ನು ತರುವುದರಲ್ಲಿ ಏನೂ ಅಸಹಜ ಕಾಣಲಿಲ್ಲ. ‘ಪೂನಮ ಬಾಯಾರಿಗಿ ಗೊತ್ತೇನೋ’ ಎಂದೆ. ‘ಇಲ್ರಿ. ಅವರಿಗಿ ಹೇಳಿದ್ರ ಬ್ಯಾಡ ಅಂತಾರ’ ಎಂದು ಗೇರು ಬದಲಿಸಿದ. ನನ್ನ ಹೊಸ ಅಂಗಿಗಳ ಗಂಟು ಹಿಂದೆ ಕುಲುಕಾಡುತ್ತಿತ್ತು. ನನಗೆ ನಗುವೂ ಬಂತು, ಭಯವೂ ಆಯಿತು.

ಪೂನಮ ಬಾಯಿಯನ್ನು ನಾನು ಜೂನಿನಲ್ಲಿ ಕಂಡಿದ್ದೆ. ಸಣ್ಣ ವಯಸ್ಸು, ಮೃದುವಾದ ಮಾತು, ಮಕ್ಕಳ ಅಳತೆ ಹೇಳುವಾಗ ಒಬ್ಬೊಬ್ಬರ ಭುಜವನ್ನೂ ಕಣ್ಣೆದುರು ತಂದುಕೊಂಡು ಹೇಳುವಾಕೆ. ಆ ದಿನ ಶಾಲೆಯ ಬಾಗಿಲಲ್ಲಿ ನಿಂತು, ಹೊಸ ಅಂಗಿ ತೊಟ್ಟು ಸಾಲಾಗಿ ಒಳಬರುತ್ತಿದ್ದ ತನ್ನ ಹಳೆಯ ಮಕ್ಕಳನ್ನು ನೋಡಿ ಆಕೆಯ ಮುಖ ಮೊದಲು ಹಿಗ್ಗಿತು, ಆಮೇಲೆ ಸಂಗತಿ ತಿಳಿದು ಬಾಡಿತು. ಏನಾದರೂ ಹೇಳುವಷ್ಟರಲ್ಲಿ ಹೊಟ್ಟೆ ಮೊದಲು, ಸಾಹೇಬರು ಆಮೇಲೆ ಅಂಗಳದಲ್ಲಿ ಕಾಣಿಸಿಕೊಂಡಾಗಿತ್ತು.

ಸಾಹೇಬರು ಒಳಗೆ ಬಂದರು. ಮಕ್ಕಳೆಲ್ಲ ದಡಬಡನೆ ಎದ್ದರು. ಊರವರು ಕಿಟಕಿಯಲ್ಲಿ ಉಸಿರು ಬಿಗಿಹಿಡಿದು ನಿಂತರು. ಅರ್ಧ ತರಗತಿ ಕೈ ಮುಗಿದು, ‘ನಮಸ್ಕಾರ್ರಿ ಸಾಹೇಬ್ರ’ ಎಂದಿತು. ಉಳಿದರ್ಧ, ತಿಂಗಳಿಂದ ದಿನಾ ಮುಂಜಾನೆ ಕಲಿತ ಅಭ್ಯಾಸವನ್ನು ಬಿಡಲಾರದೆ, ಎದೆ ಸೆಟೆಸಿ, ಕೈಗಳನ್ನು ಪಕ್ಕಕ್ಕೆ ಅಂಟಿಸಿ, ಭಜನೆಯ ಧಾಟಿಯಲ್ಲಿ ‘ಗುಡ್ ಮಾ...ರ್ನಿಂಗ್ ಸ...ರ್’ ಎಂದು ರಾಗ ಎಳೆಯಿತು. ಇಷ್ಟೆಲ್ಲ ಹೂಡಿದ ಊರಿನ ಹಿರಿಯರಲ್ಲಿ ಒಬ್ಬರಿಗೂ ಈ ನಮಸ್ಕಾರದ ನೆನಪು ಬಂದಿರಲಿಲ್ಲ. ಅಣ್ಣಾರಾಯ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿಕೊಂಡ.

ಮಲಕಾಜಪ್ಪನವರ ನಗು ಸದ್ದಿಲ್ಲದ್ದು. ತುಟಿ ಮುಚ್ಚಿಯೇ ಇರುತ್ತದೆ, ಕೋಟು ಮಾತ್ರ ಅಲುಗಾಡುತ್ತದೆ. ಅಂದು ಅದು ಬಹಳ ಹೊತ್ತು ಅಲುಗಾಡಿತು. ಆಮೇಲೆ ಕೊನೆಯ ಸಾಲಿಗೆ ಹೋಗಿ ಕುಳಿತು, ಎರಡೂ ಬಗೆಯ ಮಕ್ಕಳಿಂದ ಕಥೆ ಹೇಳಿಸಿಕೊಂಡು, ಲೆಕ್ಕ ಮಾಡಿಸಿ, ಸಣ್ಣ ಹುಡುಗಿಯೊಬ್ಬಳ ಕಾಲರಿನಲ್ಲಿ ಉಳಿದಿದ್ದ ನಮ್ಮ ಅಂಗಡಿಯ ಗುಂಡುಪಿನ್ನನ್ನು ತೆಗೆದು ನನ್ನ ಕೈಗೆ ಕೊಟ್ಟರು. ಹೊರಗೆ ಬಂದು ಅಣ್ಣಾರಾಯನ ಹೆಗಲ ಮೇಲೆ ಕೈಯಿಟ್ಟು, ‘ಅಣ್ಣಾರಾಯ, ಉಸನಿ ತಂದಿದ್ದು ತಿರುಗಿ ಕೊಡಬೇಕಾಗ್ತದಪಾ. ನಾ ಬರಿಯೂದು ಹಾಜರಿ ಪಟದಾಗ ಇದ್ದ ಮಕ್ಕಳಿಗಷ್ಟ’ ಎಂದರು.

ಪೂನಮ ಬಾಯಿ ಮುಂದೆ ಬಂದಳು. ‘ನನ್ನ ತಪ್ಪ ಅದ್ರಿ ಸಾಹೇಬ್ರ, ಇವರಿಗಿ ಏನೂ ಅನಬ್ಯಾಡ್ರಿ’ ಎಂದಳು. ಆಕೆಗೆ ಏನೂ ಗೊತ್ತಿರಲಿಲ್ಲವೆಂದು ಬಲ್ಲ ಊರು, ಆಕೆ ಹಾಗೆ ಹೇಳಿದ್ದನ್ನು ಕೇಳಿ ತಲೆ ತಗ್ಗಿಸಿತು. ಈ ಒಬ್ಬಾಕೆಯ ಶಾಲೆ ಉಳಿಯುವುದೋ ಇಲ್ಲವೋ ಎಂಬುದು ಇನ್ನು ಈ ಅಂಗಳದಲ್ಲೇ ತೀರ್ಮಾನವಾಗಬೇಕಾಗಿತ್ತು.

ಸಾಹೇಬರು ಚಾಪೆ ಹಾಸಿಸಿದರು. ಕೋಟು ಕುರ್ಚಿಗೆ ಏರಿತು. ಕೈಯಲ್ಲಿ ಮೊಮ್ಮಗನನ್ನು ಹಿಡಿದುಕೊಂಡಿದ್ದ ಸುಮಿತ್ರಾಬಾಯಿ ಎಂಬ ಮುದುಕಿಗೆ ಈ ವ್ಯವಸ್ಥೆ ತಿಳಿದೊಡನೆ ಹುಮ್ಮಸ್ಸು ಬಂದಿತು. ಎದ್ದು ಕುರ್ಚಿಯ ಎದುರಿಗೆ ನಿಂತು, ಸೆರಗು ಬಿಗಿದು, ‘ಏನಪಾ ಸಾಹೇಬಾ, ಒಮ್ಮಿ ಸಾಲಿ ಮುಚ್ಚತೀನಿ ಅಂತಿ, ಒಮ್ಮಿ ಇಲ್ಲ ಅಂತಿ. ನಿನಗ ಹೆಂಡ್ರು ಮಕ್ಕಳು ಅದಾರೋ ಇಲ್ಲೋ? ನಾವೇನ ನಿನ್ನ ಬುಗರಿ ಏನು, ಬೇಕಾದಂಗ ತಿರಗಸಾಕ?’ ಎಂದು ಕೋಟಿನ ಎದೆಗೆ ಬೆರಳು ತೋರಿಸಿ ಝಾಡಿಸಿದಳು. ಬೈದು ಮುಗಿಸಿ, ಪಕ್ಕದಲ್ಲಿ ಚಾಪೆಯ ಮೇಲಿದ್ದ ಮಲಕಾಜಪ್ಪನವರ ಕಡೆ ತಿರುಗಿ, ‘ಸ್ವಲ್ಪ ಆ ಕಡಿ ಸರೀರಿ ಯಪ್ಪಾ, ಕುಂಡ್ರತೀನಿ’ ಎಂದಳು. ಕೋಟಿಗೆ ಏಕವಚನ, ಮನುಷ್ಯನಿಗೆ ಬಹುವಚನ. ಅಂಗಳದ ಬಿಗಿ ಅಲ್ಲಿಗೆ ಸಡಿಲಾಯಿತು.

‘ಸಾಲಿ ಖರೇನ ಬಂದ್ ಆಗ್ತದೇನ್ರಿ?’ ಎಂದು ಅಣ್ಣಾರಾಯ ಕೇಳಿದ.

‘ನನಗ ಗೊತ್ತಿಲ್ರಿ.’

‘ಬಾಯಾರನ್ನ ಬದಲಿ ಮಾಡ್ತಾರೇನ್ರಿ?’

‘ಅದೂ ಗೊತ್ತಿಲ್ರಿ.’

‘ಮತ್ತ ನಿಮಗ ಗೊತ್ತಿದ್ದದ್ದರೆ ಏನ್ರಿ?’ ಎಂದಳು ಸುಮಿತ್ರಾಬಾಯಿ.

‘ಇವತ್ತ ಬಾಗಲಾ ತಗದದ. ಬಾಯಾರು ಕಲಸಾಕತ್ಯಾರ. ನಿಮ್ಮ ಮೊಮ್ಮಗಾ ಈಗ ನನಗ ಕಾಗಿ ಕಥಿ ಹೇಳಿದ. ಇಷ್ಟ ಗೊತ್ತದ ಆಯಿ. ಉಳದದ್ದು ಕೇಳ್ಕೊಂಡು ಸೋಮವಾರ ಬರ್ತೀನಿ’ ಎಂದ ಸಾಹೇಬರು ಮೊಮ್ಮಗನ ತಲೆ ಸವರಿ ಕೇಳಿದರು: ‘ಈ ಹುಡುಗನ್ನ ಸಾಲಿಂದ ಯಾಕ ತಗದ್ರಿ?’

‘ಸಾಲಿ ಮುಚ್ಚತದಂತ ತಗದೆವ್ರಿ. ಮುಳಗೂ ಹಡಗದಾಗ ಯಾರ ಕುಂಡ್ರತಾರ?’

‘ಮುಚ್ಚತದಂತ ನಿಮಗ ಯಾರು ಹೇಳಿದ್ರು?’

ಹೇಳಿದವನು ಗಿರಣಿಯ ಅವಿನಾಶ. ಹಿಟ್ಟು ಬೀಸಿಸಲು ಹೋದಾಗ ಹೇಳಿದ್ದ. ಸಾಹೇಬರು ಎದ್ದರು, ಸುಮಿತ್ರಾಬಾಯಿ ಎದ್ದಳು, ಅವರ ಹಿಂದೆ ಊರೇ ಎದ್ದಿತು. ತುಂತುರು ಮಳೆಯಲ್ಲಿ ಸಾಹೇಬರ ಆನೆನಡಿಗೆಗೆ ಹೆಜ್ಜೆ ಹೊಂದಿಸಿಕೊಂಡು, ಹಿರಿಯರು ಮಕ್ಕಳು ಎಲ್ಲರೂ ಗಿರಣಿಗೆ ಹೋದೆವು. ಹುಬ್ಬಿನ ಮೇಲೆ ಹಿಟ್ಟು ಕುಳಿತಿದ್ದ ಅವಿನಾಶ ಗಿರಣಿ ನಿಲ್ಲಿಸಿ, ‘ನನಗ ಅಣ್ಣಾರಾಯ ಮಾಮಾ ಹೇಳಿದ್ರಿ’ ಎಂದ. ಎಲ್ಲರೂ ಅಣ್ಣಾರಾಯನನ್ನು ನೋಡಿದರು. ಶಾಲೆ ಉಳಿಸಲು ಟೆಂಪೊ ಓಡಿಸಿದ ಅಧ್ಯಕ್ಷನೇ ಶಾಲೆ ಮುಚ್ಚುವ ಸುದ್ದಿಯನ್ನೂ ಓಡಿಸಿದ್ದ. ಅವನು ಕಿವಿ ತುರಿಸಿಕೊಳ್ಳುತ್ತ, ‘ನಾ ಸುಮ್ಮ ಹೇಳಿಲ್ರಿ, ನಳದ ಹಂತ್ಯಾಕ ಬಾಯಾರು ಅಂದಿದ್ದು ನನ್ನ ಕಿವೀಲೆ ಕೇಳೀನಿ’ ಎಂದ.

ಪೂನಮ ಬಾಯಿ ದಂಗಾದಳು. ನೆನಪು ಮಾಡಿಕೊಂಡಳು. ‘ಹೌದ್ರಿ, ಅಂದೀನಿ. ಕಾಮಣ್ಣಾರು ತಮ್ಮ ಮಗಳು ಸೋನಾಲೀದು ಸಾಲಿ ಬಿಡೂ ದಾಖಲಾ ತಗೊಂಡು ಹ್ವಾದ ದಿವಸ ಹೊಟ್ಟ್ಯಾಗ ಭಾಳ ಬ್ಯಾಸರಾಗಿತ್ತು. ಹಿಂಗ ಒಬ್ಬೊಬ್ಬರ ಹ್ವಾದ್ರ ಸಾಲಿ ಮುಚ್ಚೂದಽ ಅಂತ ಅಂದೀನಿ’ ಎಂದಳು. ನೀರು ತುಂಬುತ್ತ ನಿಂತ ಹೆಣ್ಣುಮಗಳೊಬ್ಬಳ ನಿಟ್ಟುಸಿರು ಊರೊಳಗೆ ಹೋಗಿ ಸರಕಾರಿ ಹುಕುಮಾಗಿತ್ತು.

ಉಳಿದವನು ಕಾಮಣ್ಣ. ಮೆರವಣಿಗೆ ಅವನ ಬಾಗಿಲಿಗೆ ಬಂದು ನಿಂತಿತು. ಅವನು ಮಗಳ ದಾಖಲೆ ತೆಗೆದದ್ದು ಶಾಲೆಯ ಮೇಲಿನ ಅಪನಂಬಿಕೆಯಿಂದಲ್ಲ. ಚಳಿಗಾಲದಲ್ಲಿ ಅವನ ಹೆಂಡತಿ ತಂಗಿಯ ಬಾಣಂತನಕ್ಕೆಂದು ಹುಲಜಂತಿಗೆ ಹೋದಳು; ಸೋನಾಲಿ ತಾಯಿಯನ್ನು ಬಿಟ್ಟಿರುವ ಹುಡುಗಿಯಲ್ಲ; ವರ್ಷ ಹಾಳಾಗಬಾರದೆಂದು ಅಲ್ಲಿಯದೇ ಶಾಲೆಗೆ ಹಾಕಿದರು. ಜೂನಿನಲ್ಲಿ ಹಿಂತಿರುಗಿದರು. ‘ಮತ್ತ ಇಲ್ಲೇ ಹಚ್ಚಬೇಕಿಲ್ಲೋ?’ ಎಂದರು ಸಾಹೇಬರು.

‘ಹಚ್ಚಾಂವ ಇದ್ನಿರಿ. ಬಸ್ ಇಳ್ಯಾಕತ್ತಾಗ ಸುಮಿತ್ರಾಬಾಯಾರು ಸಿಕ್ಕು, ಆ ಸಾಲಿ ಮುಚ್ಚತದೋ, ಹುಚ್ಚಾ, ವ್ಯಾನಕ್ಕ ಹಚ್ಚು ಅಂದ್ರು’ ಎಂದ ಕಾಮಣ್ಣ.

ಮೊದಲು ನಕ್ಕವಳು ಸುಮಿತ್ರಾಬಾಯಿಯೇ. ಬೊಚ್ಚುಬಾಯಿ ತೆರೆದು, ಮೊಣಕಾಲಿಗೆ ಕೈಯೂರಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಕೆ ಹೊತ್ತಿಸಿದ ನಗು ಅವಿನಾಶನ ಹಿಟ್ಟಿನ ಮೀಸೆಗೆ, ಅಣ್ಣಾರಾಯನ ದೊಡ್ಡ ಗಂಟಲಿಗೆ, ಕೊನೆಗೆ ಪೂನಮ ಬಾಯಿಯ ಬಾಡಿದ ಮುಖಕ್ಕೂ ಹತ್ತಿತು. ಸುದ್ದಿ ಊರನ್ನು ಒಂದು ಸುತ್ತು ಹಾಕಿ, ಹೊರಟ ಮನೆಗೇ ಬಂದು ಕುಳಿತಿತ್ತು. ಒಬ್ಬರು ಹೋದರೆಂದು ಇನ್ನೊಬ್ಬರು, ಇನ್ನೊಬ್ಬರು ಹೋದರೆಂದು ಮತ್ತೊಬ್ಬರು ಹೋದದ್ದೇ ಹೊರತು, ಶಾಲೆ ಬೇಡವೆಂದು ಹೋದವರು ಒಬ್ಬರೂ ಇರಲಿಲ್ಲ. ಬೇಕಾಗಿತ್ತು, ಆದರೆ ಬೇರೆಯವರ ಮಕ್ಕಳಿಂದ ನಡೆಯಬೇಕಾಗಿತ್ತು.

ಇಷ್ಟಾದರೂ ಮಲಕಾಜಪ್ಪನವರು, ಹಾಗಾದರೆ ಮಕ್ಕಳನ್ನು ಮರಳಿ ಕಳಿಸಿ ಎನ್ನಲಿಲ್ಲ. ನನಗೇ ತಡೆಯಲಾರದಷ್ಟು ಚಡಪಡಿಕೆಯಾಯಿತು. ಈ ಮನುಷ್ಯ ಕಬ್ಬಿಣ ಕಾದಾಗ ಬಡಿಯಬಾರದೇ? ಶಾಲೆಯ ಅಂಗಳಕ್ಕೆ ಮರಳಿದ ಮೇಲೆ ಮೆಲ್ಲಗೆ ಕೇಳಿದೆ. ‘ನಾ ಹೇಳಿ ಕಳಸಿದ್ರ, ನಾಳಿ ಮತ್ತೊಂದು ಸುದ್ದಿ ಬಂದಾಗ ನನ್ನ ಬೈದು ತಗೀತಾರ. ಅವರ ಮಕ್ಕಳ ಅದಾವ, ಅವರ ವಿಚಾರ ಮಾಡಲಿ’ ಎಂದು ಕೋಟು ತೊಟ್ಟುಕೊಂಡರು. ಸುಮಿತ್ರಾಬಾಯಿ ಮಾತ್ರ ಯಾರಿಗೂ ಕಾಯಲಿಲ್ಲ. ಮೊಮ್ಮಗನನ್ನು ದರದರ ಎಳೆದುಕೊಂಡು ಶಾಲೆಯ ಬಾಗಿಲಿಗೆ ಹೋಗಿ, ‘ಬಾಯಾರ, ಇವತ್ತಿಂದ ಇಂವ ಉಸನಿ ಅಲ್ರಿ’ ಎಂದು ಒಳಗೆ ನೂಕಿದಳು. ಉಳಿದವರು ನೋಡುತ್ತ ನಿಂತರು.

ಸೋಮವಾರ ಧೋ ಎಂದು ಮಳೆ. ಹಿನ್ನೀರಿನ ದಾರಿಯಲ್ಲಿ ಬಸ್ಸು ಬರಲಿಲ್ಲ. ಇಂಥ ಮಳೆಯಲ್ಲಿ ಯಾವ ಸಾಹೇಬ ಬರುತ್ತಾನೆ ಎಂದು ಊರವರು ಒಳಗೊಳಗೇ ಅಂದುಕೊಂಡರೂ, ಏನೋ ನೆಪ ಹೇಳಿ ಒಬ್ಬೊಬ್ಬರಾಗಿ ಶಾಲೆಯ ಪಡಸಾಲೆಗೆ ಬಂದು ಕೂತಿದ್ದರಂತೆ. ಇದನ್ನು ನನಗೆ ಫೋನಿನಲ್ಲಿ ಹೇಳಿದವಳು ಪೂನಮ ಬಾಯಿ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲಿನವರೆಗೆ ಪ್ಯಾಂಟು ಮಡಚಿ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಕೆಸರಲ್ಲಿ ಪಚಪಚ ಎನ್ನುತ್ತ ಮಲಕಾಜಪ್ಪನವರು ಬಂದರು. ‘ಸೋಲಾಪುರದಾಗ ಕೇಳಿದೆ, ಅವರಿಗೂ ಗೊತ್ತಿಲ್ಲ. ನನ್ನ ಮುಂದನ ಪುಣೇದ ದೊಡ್ಡ ಕಚೇರಿಗಿ ಫೋನ ಹಚ್ಚಿದ್ರು, ಅಲ್ಲೂ ಇನ್ನ ಏನೂ ಪಕ್ಕಾ ಆಗಿಲ್ಲ. ಇಷ್ಟ ಹೇಳಾಕ ಬಂದೀನಿ. ಪಕ್ಕಾ ಆದ ದಿವಸ, ಛಲೋ ಇರಲಿ, ಕೆಟ್ಟ ಇರಲಿ, ನಿಮಗ ಮೊಬೈಲದಾಗ ಬರೂಕಿಂತ ಮೊದಲ ನಾ ಬಂದು ಹೇಳ್ತೀನಿ’ ಎಂದರು. ಕೊಟ್ಟ ಚಹಾ ಕುಡಿದು, ಅದೇ ಕೆಸರಿನಲ್ಲಿ ಹಿಂತಿರುಗಿದರು.

‘ಇಷ್ಟ ಹೇಳಾಕ ಅಷ್ಟ ದೂರ ನಡಕೋತ ಬಂದ್ರು ನೋಡು’ ಎಂದನಂತೆ ಕಾಮಣ್ಣ, ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ. ಮರುದಿನ ಮುಂಜಾನೆ ವ್ಯಾನು ಬಂದು ಹಾರ್ನು ಹೊಡೆದಾಗ ಸೋನಾಲಿ ಪೂನಮ ಬಾಯಿಯ ತರಗತಿಯಲ್ಲಿ ಮುಂದಿನ ಸಾಲಿನಲ್ಲಿದ್ದಳು. ಆ ವಾರದಲ್ಲೇ ಅವಿನಾಶನ ಮಕ್ಕಳು ಬಂದರು, ಅವರ ಹಿಂದೆ ಇನ್ನೂ ಮನೆಗಳಿಂದ ಬಂದರು. ಇಬ್ಬರು ಮೂವರು ವ್ಯಾನಿನಲ್ಲೇ ಉಳಿದರು. ಅವರ ಮೇಲೂ ಊರು ಮುನಿಸಿಕೊಳ್ಳಲಿಲ್ಲ. ಫೋನಿನಲ್ಲಿ ಪೂನಮ ಬಾಯಿ ಮಕ್ಕಳ ಅಳತೆ ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿದಳು. ಯಾಕ ತಂಗಿ ಎಂದೆ. ‘ಏನಿಲ್ರಿ ಶೇಠಜಿ, ಎಲ್ಲಾರೂ ಗದ್ದಲಾ ಮಾಡಾಕತ್ತಾರ, ಕೇಳ್ರಿ’ ಎಂದು ಫೋನನ್ನು ತರಗತಿಯ ಕಡೆಗೆ ಹಿಡಿದಳು. ನವಿ ಪೇಠದ ಸದ್ದಿನ ನಡುವೆ ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈಯೂರಿ, ಆ ಗದ್ದಲವನ್ನು ನಾನು ಗಿರಾಕಿಗಳನ್ನು ಕಾಯಿಸಿ ಕೇಳಿದೆ.

ಕಾಲ ತೂಗಾಡುತ್ತಿರುವಾಗ ಜನ ದೊಡ್ಡವರಿಂದ ಅಭಯವನ್ನು ಬೇಡುತ್ತಾರೆಂದು ನಾವೆಲ್ಲ ತಿಳಿದಿದ್ದೇವೆ. ಅದಕ್ಕೇ ದೊಡ್ಡವರು ತಮ್ಮಲ್ಲಿಲ್ಲದ ಅಭಯವನ್ನೂ ಕಟ್ಟಿ ಕಟ್ಟಿ ಕೊಡುತ್ತಾರೆ, ಅದು ಮನೆ ಮುಟ್ಟುವುದರೊಳಗೆ ಬಿಚ್ಚಿಹೋಗುತ್ತದೆ. ಮಲಕಾಜಪ್ಪನವರ ಜಾತಿಯ ಅಧಿಕಾರಿಗಳು ಪ್ರತಿ ತಾಲೂಕಿನಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ಬಡ್ತಿ ತಡವಾಗಿ ಬರುತ್ತದೆ, ಸಭೆಗಳಲ್ಲಿ ಅವರ ಮಾತಿಗೆ ಯಾರೂ ತಲೆದೂಗುವುದಿಲ್ಲ, ಶಾಲೆಯನ್ನು ಉಳಿಸುವ ಅಧಿಕಾರವೂ ಅವರ ಕೈಯಲ್ಲಿರುವುದಿಲ್ಲ. ಆದರೆ ಸರಕಾರ ಎಂಬುದು ಹಳ್ಳಿಗೆ ಬರುವುದು ಕಾಗದವಾಗಿ, ಇಲ್ಲವೆ ಜೀಪಾಗಿ. ಎಲ್ಲೋ ಅಪರೂಪಕ್ಕೊಮ್ಮೆ ಅದು ಇಂಥವರ ರೂಪದಲ್ಲಿ ಮನುಷ್ಯನಾಗಿ ಬಂದಾಗ, ಊರು ಅದನ್ನು ಥಟ್ಟನೆ ಗುರುತು ಹಿಡಿಯುತ್ತದೆ, ಕುಡಿಯಲು ನೀರು ಕೊಡುತ್ತದೆ, ಬೈಯಬೇಕಾದುದನ್ನೆಲ್ಲ ಮನಸಾರೆ ಬೈಯುತ್ತದೆ, ಬೈದು ಮುಗಿದ ಮೇಲೆ ತನ್ನ ಮಕ್ಕಳನ್ನೇ ಅದರ ವಶಕ್ಕೆ ಒಪ್ಪಿಸುತ್ತದೆ.